ಸಿಪಿಆರ್ ತರಬೇತಿ ಆರಿಸೋದು ಹೇಗೆ? ಮನೆಯವರಿಗೆ, ಆಫೀಸಿಗೆ, ಕಾರ್ಖಾನೆಗೆ ಒಂದು ಸಮಗ್ರ ಮಾರ್ಗದರ್ಶಿ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ಹೃದಯದ ಬಗ್ಗೆ ಮಾತಾಡದ ಮನೆ ಇಲ್ಲ. 2025ರ ಜೂನ್-ಜುಲೈನಲ್ಲಿ ಹಾಸನದಿಂದ ಸಾವಿನ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ಉದ್ದುದ್ದ ಕ್ಯೂ ಕಂಡವು. ತಪಾಸಣೆ ಮಾಡಿಸಿಕೊಳ್ಳೋದು ಸರಿಯೇ. ಆದರೆ ಊಟದ ಮನೆಯಲ್ಲೋ, ಆಫೀಸಿನ ಲಿಫ್ಟ್ ಮುಂದೆಯೋ ಒಬ್ಬರು ಕುಸಿದು ಬಿದ್ದಾಗ ಪಕ್ಕದಲ್ಲಿರುವವರಿಗೆ ಏನು ಮಾಡಬೇಕೆಂದು ಗೊತ್ತಿರಬೇಕಲ್ಲ? ಅದಕ್ಕೆ ತಪಾಸಣೆ ಸಾಲದು, ಸಿಪಿಆರ್ ತರಬೇತಿ ಬೇಕು. ಸಿಪಿಆರ್ ಎಂದರೆ ಬಡಿತ ನಿಂತ ಹೃದಯದ ಕೆಲಸವನ್ನು ಹೊರಗಿನಿಂದ ಎದೆ ಒತ್ತಿ, ಬೇಕಾದ ಕಡೆ ಉಸಿರೂ ಕೊಟ್ಟು ನಡೆಸುವುದು.

ತರಬೇತಿ ಹುಡುಕಲು ಹೊರಟರೆ ತಲೆ ತಿರುಗುತ್ತದೆ. ಎರಡು ಗಂಟೆಯದು ಒಂದು, ಇಡೀ ದಿನದ್ದು ಇನ್ನೊಂದು. ಉಚಿತ ಶಿಬಿರವೂ ಇದೆ, ಸಾವಿರಗಟ್ಟಲೆ ಶುಲ್ಕದ್ದೂ ಇದೆ. ಮೊಬೈಲಿನಲ್ಲಿ ವಿಡಿಯೋ ನೋಡಿ, ಹತ್ತು ಪ್ರಶ್ನೆಗೆ ಉತ್ತರ ಕೊಟ್ಟರೆ ಸರ್ಟಿಫಿಕೇಟ್ ಕಳಿಸುವವರೂ ಇದ್ದಾರೆ. ಇವುಗಳಲ್ಲಿ ಆರಿಸಲು ನಾನು ಇಟ್ಟುಕೊಂಡಿರುವ ಅಳತೆ ಒಂದೇ. ತರಬೇತಿಯ ಹೊತ್ತಿನಲ್ಲಿ ಅಭ್ಯಾಸಕ್ಕೆ ಇಟ್ಟಿರುವ ಮನುಷ್ಯಾಕಾರದ ಬೊಂಬೆಯ ಎದೆ ಮೇಲೆ ಎಷ್ಟು ನಿಮಿಷ ನಿಮ್ಮದೇ ಕೈ ಇರುತ್ತದೆ? ಆಗ ನಿಮ್ಮ ತಪ್ಪನ್ನು ಯಾರು ತಿದ್ದುತ್ತಾರೆ? ತರಬೇತಿ ಮುಗಿಸಿದ್ದಕ್ಕೆ ಕೊಡುವ ಕಾರ್ಡಿನ ಮೇಲಿನ ಲೋಗೋ, ಹಾಲಿನ ಎಸಿ, ಮಧ್ಯಾಹ್ನದ ಬಿರಿಯಾನಿ ಎಲ್ಲ ಆಮೇಲೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ

ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುತ್ತದೆ. ಮನುಷ್ಯ ಸಾಮಾನ್ಯವಾಗಿ ಎಚ್ಚರವಾಗಿಯೇ ಇರುತ್ತಾನೆ. ಎದೆ ಹಿಂಡಿದಂತಾಗುತ್ತದೆ, ಬೆವರುತ್ತಾನೆ, 'ಗ್ಯಾಸ್ ಇರಬೇಕು ಬಿಡಿ' ಅನ್ನುತ್ತಾನೆ. ಅವರಿಗೆ ಸಿಪಿಆರ್ ಅಲ್ಲ, ತಕ್ಷಣ ಇಸಿಜಿ ಮತ್ತು ಆಸ್ಪತ್ರೆ ಬೇಕು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವುದೇ ಇದಕ್ಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಬೇಕಾದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಹೃದಯ ಸ್ತಂಭನದಲ್ಲಿ ಹೃದಯದ ಬಡಿತವೇ ನಿಂತಿರುತ್ತದೆ. ಕರೆದರೆ ಓಗೊಡುವುದಿಲ್ಲ, ಉಸಿರಿಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ಬಿಟ್ಟು ಏದುಸಿರು ಎಳೆದಂತೆ ಮಾಡುತ್ತಾರೆ. ಆ ಏದುಸಿರನ್ನು ನೋಡಿ 'ಉಸಿರಾಡ್ತಿದ್ದಾರೆ' ಎಂದು ಸುಮ್ಮನಾಗುವವರೇ ಜಾಸ್ತಿ. ಸಿಪಿಆರ್ ಬೇಕಾಗಿರುವುದು ಇಲ್ಲೇ. ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಈ ವ್ಯತ್ಯಾಸವನ್ನು ಶುರುವಿನಲ್ಲೇ ಬಿಡಿಸಿ ಹೇಳದ ತರಬೇತಿಯನ್ನು ಅಲ್ಲಿಗೇ ಅನುಮಾನಿಸಿ.

ಹೆಜ್ಜೆ 1: ಯಾಕೆ ಕಲಿಯುತ್ತಿದ್ದೀರಿ ಎಂದು ತೀರ್ಮಾನಿಸಿ

ಅಪ್ಪನಿಗೆ ಸ್ಟೆಂಟ್ ಹಾಕಿದ್ದಾರೆ, ಮನೆಯವರಿಗೆ ಗೊತ್ತಿರಲಿ ಎನ್ನುವವರ ಅಗತ್ಯ ಒಂದು. ನರ್ಸಿಂಗ್ ಮುಗಿಸಿ ಗಲ್ಫ್‌ಗೋ ಅಮೆರಿಕಕ್ಕೋ ಹೊರಟವರ ಅಗತ್ಯ ಇನ್ನೊಂದು. ಪೀಣ್ಯದ ಒಂದು ಕಾರ್ಖಾನೆಯ ಸೇಫ್ಟಿ ಆಫೀಸರ್‌ಗೆ ಬೇಕಿರುವುದು ಮತ್ತೊಂದು.

ಮನೆಯವರಿಗೆ, ಅಪಾರ್ಟ್‌ಮೆಂಟಿನವರಿಗೆ ಯಾರೂ ಕಾರ್ಡ್ ಕೇಳುವುದಿಲ್ಲ. ಅವರಿಗೆ ಬೇಕಾದದ್ದು ಕೈಯಲ್ಲಿ ಅಭ್ಯಾಸ. ಹತ್ತಿರದ ಮೆಡಿಕಲ್ ಕಾಲೇಜಿನ ಅರಿವಳಿಕೆ ವಿಭಾಗದವರೋ ಎಮರ್ಜೆನ್ಸಿ ವಿಭಾಗದವರೋ ನಡೆಸುವ ಒಂದೆರಡು ಗಂಟೆಯ ಶಿಬಿರ, ಬೊಂಬೆ ಸಾಕಷ್ಟಿದ್ದರೆ, ಧಾರಾಳ ಸಾಕು. ಸುಮ್ನೆ ಸಾವಿರಗಟ್ಟಲೆ ಖರ್ಚು ಮಾಡಬೇಕಿಲ್ಲ.

ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಕಥೆ ಬೇರೆ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಗಳು ರೋಗಿಗಳನ್ನು ನೋಡುವ ಸಿಬ್ಬಂದಿಗೆ ಸಿಪಿಆರ್ ತರಬೇತಿ ಕೊಡಿಸಲೇಬೇಕು. ವಿದೇಶದ ಕೆಲಸಕ್ಕಂತೂ ಇಂಥದ್ದೇ ಸಂಸ್ಥೆಯ ಇಂಥದ್ದೇ ಕೋರ್ಸ್ ಎಂದು ಬರೆದಿರುತ್ತಾರೆ. ಆ ಒಕ್ಕಣೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೋರ್ಸ್ ಹುಡುಕಿ. 'ಎಲ್ಲಾ ಒಂದೇ ಮೇಡಂ, ಎಲ್ಲಾ ಕಡೆ ನಡೆಯುತ್ತೆ' ಎನ್ನುವ ಮಾತನ್ನು ನಂಬಬೇಡಿ.

ಹೆಜ್ಜೆ 2: ಯಾವ ಕೋರ್ಸು ಯಾರಿಗೆ

ನಮ್ಮಲ್ಲಿ ಸಿಗುವವು ಮುಖ್ಯವಾಗಿ ಮೂರು ಬಗೆ.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ, ಅಂದರೆ ಎಎಚ್‌ಎ ಕೋರ್ಸುಗಳು ಎಲ್ಲರಿಗೂ ಪರಿಚಿತ. ಅದರಲ್ಲಿ ಹಾರ್ಟ್‌ಸೇವರ್ ಎನ್ನುವುದು ಜನಸಾಮಾನ್ಯರಿಗೆ, ಆಫೀಸಿನವರಿಗೆ, ಶಾಲೆಯ ಶಿಕ್ಷಕರಿಗೆ. ಬಿಎಲ್‌ಎಸ್, ಅಂದರೆ ಬೇಸಿಕ್ ಲೈಫ್ ಸಪೋರ್ಟ್ ಎನ್ನುವುದು ಡಾಕ್ಟರು, ನರ್ಸು, ಆಂಬುಲೆನ್ಸ್ ಸಿಬ್ಬಂದಿಗೆ. ಬಿಎಲ್‌ಎಸ್‌ನಲ್ಲಿ 25 ಪ್ರಶ್ನೆಗಳ ಪರೀಕ್ಷೆ ಇರುತ್ತದೆ, ಶೇ 84 ಅಂಕ ಬೇಕು. ಕೈಕೆಲಸದ ಪರೀಕ್ಷೆ ಬೇರೆ. ಎಸಿಎಲ್‌ಎಸ್ (ಅಡ್ವಾನ್ಸ್ಡ್ ಕಾರ್ಡಿಯೋವ್ಯಾಸ್ಕುಲರ್ ಲೈಫ್ ಸಪೋರ್ಟ್) ಅದಕ್ಕೂ ಮೇಲಿನದು. ನಮ್ಮ ಕಂಪನಿಗಳು ಮಾಡುವ ದೊಡ್ಡ ತಪ್ಪು ಎಂದರೆ 'ಒಳ್ಳೇದೇ ಕೊಡಿಸೋಣ' ಎಂದು ಅಕೌಂಟ್ಸ್ ವಿಭಾಗದವರನ್ನೂ ಬಿಎಲ್‌ಎಸ್‌ಗೆ ಕೂರಿಸುವುದು. ನಾಡಿ ಹಿಡಿಯುವುದು, ಆಂಬು ಬ್ಯಾಗಿನಲ್ಲಿ, ಅಂದರೆ ಕೈಯಿಂದ ಹಿಚುಕುವ ಚೀಲದಲ್ಲಿ ಗಾಳಿ ಕೊಡುವುದು ಅವರಿಗೆ ಯಾವತ್ತೂ ಕೆಲಸಕ್ಕೆ ಬರುವುದಿಲ್ಲ. ಆ ಹೊತ್ತನ್ನು ಎದೆ ಒತ್ತುವ ಅಭ್ಯಾಸಕ್ಕೆ ಕೊಟ್ಟಿದ್ದರೆ ಚೆನ್ನಾಗಿತ್ತು.

ಎರಡನೆಯದು ನಮ್ಮದೇ ದೇಶದ್ದು. ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ ಫೆಡರೇಶನ್ ಭಾರತದ ಪರಿಸ್ಥಿತಿಗೆ ಹೊಂದುವಂತೆ ಮೂರು ಹಂತ ಮಾಡಿಟ್ಟಿದೆ. ಜನಸಾಮಾನ್ಯರಿಗೆ ಕಾಲ್ಸ್ (ಕಂಪ್ರೆಷನ್ ಓನ್ಲಿ ಲೈಫ್ ಸಪೋರ್ಟ್), ಆಸ್ಪತ್ರೆಯ ಹೊರಗೆ ಕೆಲಸ ಮಾಡುವ ವೈದ್ಯಕೀಯ ಸಿಬ್ಬಂದಿಗೆ ಬಿಸಿಎಲ್‌ಎಸ್ (ಬೇಸಿಕ್ ಕಾರ್ಡಿಯೋಪಲ್ಮನರಿ ಲೈಫ್ ಸಪೋರ್ಟ್), ಆಸ್ಪತ್ರೆಯೊಳಗಿನ ವೈದ್ಯರಿಗೆ ಸಿಸಿಎಲ್‌ಎಸ್ (ಕಾಂಪ್ರಹೆನ್ಸಿವ್ ಕಾರ್ಡಿಯೋಪಲ್ಮನರಿ ಲೈಫ್ ಸಪೋರ್ಟ್). ಕಾಲ್ಸ್‌ನಲ್ಲಿ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದಿಲ್ಲ, ಎದೆ ಒತ್ತುವುದಷ್ಟೇ. ಪರಿಚಯವಿಲ್ಲದವರ ಬಾಯಿಗೆ ಬಾಯಿಡಲು ನಮ್ಮ ಜನ ಹಿಂಜರಿಯುತ್ತಾರೆ. ಆ ಹಿಂಜರಿಕೆಯಲ್ಲೇ ಎರಡು ನಿಮಿಷ ಕಳೆದರೆ ಕಥೆ ಮುಗಿಯಿತು. ಅದಕ್ಕಿಂತ ಒತ್ತುವುದನ್ನಾದರೂ ಬೇಗ ಶುರು ಮಾಡಲಿ ಎಂಬುದು ಇದರ ಹಿಂದಿನ ಲೆಕ್ಕ. ದೊಡ್ಡವರು ಇದ್ದಕ್ಕಿದ್ದಂತೆ ಕುಸಿದರೆ ಇದು ಒಳ್ಳೆಯ ದಾರಿ.

ಆದರೆ ಒಂದು ಕಡೆ ಎಚ್ಚರ ಬೇಕು. ನೀರಿನಲ್ಲಿ ಮುಳುಗಿದವರಿಗೆ, ಚಿಕ್ಕ ಮಕ್ಕಳಿಗೆ ಉಸಿರೇ ಮೊದಲು ನಿಂತಿರುತ್ತದೆ. ಅಲ್ಲಿ ಬರೀ ಒತ್ತಿದರೆ ಸಾಲದು, ಉಸಿರೂ ಕೊಡಬೇಕು. ಅಪಾರ್ಟ್‌ಮೆಂಟಿನಲ್ಲಿ ಈಜುಕೊಳ ಇದ್ದರೆ, ಮನೆಯಲ್ಲಿ ಪುಟ್ಟ ಮಗು ಇದ್ದರೆ, ಪ್ಲೇಸ್ಕೂಲ್ ನಡೆಸುತ್ತಿದ್ದರೆ, ಕೊಡಗು, ಚಿಕ್ಕಮಗಳೂರಿನ ಕಡೆ ಹೊಳೆ ಪಕ್ಕ ಹೋಂಸ್ಟೇ ಇಟ್ಟಿದ್ದರೆ ಉಸಿರು ಕೊಡುವುದನ್ನೂ ಮಕ್ಕಳ ಸಿಪಿಆರ್ ಅನ್ನೂ ಕಲಿಸುವ ಕೋರ್ಸೇ ಬೇಕು. ಅಗ್ಗವಾಗಿ ಸಿಕ್ಕಿತು ಎಂದು ಕಾಲ್ಸ್‌ಗೆ ನಿಲ್ಲಬೇಡಿ.

ಮೂರನೆಯದು ಸೇಂಟ್ ಜಾನ್ ಆಂಬುಲೆನ್ಸ್ ಮತ್ತು ರೆಡ್ ಕ್ರಾಸ್‌ನ ಪ್ರಥಮ ಚಿಕಿತ್ಸೆ ತರಬೇತಿ. ಬಸ್ ಕಂಡಕ್ಟರ್ ಲೈಸೆನ್ಸ್ ಮಾಡಿಸಿದವರಿಗೆ ಈ ಸರ್ಟಿಫಿಕೇಟ್ ಗೊತ್ತು. ಗಾಯ, ಸುಟ್ಟಗಾಯ, ಮೂಳೆ ಮುರಿತ, ವಿದ್ಯುತ್ ಆಘಾತ ಎಲ್ಲ ಸೇರಿರುತ್ತದೆ. ಸಿಪಿಆರ್ ಅದರಲ್ಲೊಂದು ಭಾಗ. ಕಾರ್ಖಾನೆಗೆ ಇದೇ ಹೆಚ್ಚು ಹೊಂದುತ್ತದೆ. ಅದರಲ್ಲಿ ಬೊಂಬೆಯ ಅಭ್ಯಾಸಕ್ಕೆ ಎಷ್ಟು ಹೊತ್ತು ಸಿಗುತ್ತದೆ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 3: ಫೋನಿನಲ್ಲೇ ಜರಡಿ ಹಿಡಿಯಿರಿ

ದುಡ್ಡು ಕಟ್ಟುವ ಮೊದಲು ಒಂದು ಕಾಲ್ ಮಾಡಿ. ಐದು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ.

"ಸರ್, ಒಂದು ಬ್ಯಾಚಿಗೆ ಎಷ್ಟು ಜನ? ಎಷ್ಟು ಬೊಂಬೆ ತರ್ತೀರ?" ಇದು ಮೊದಲ ಪ್ರಶ್ನೆ. ಒಂದು ಬೊಂಬೆಗೆ ಮೂವರವರೆಗೆ ಆಗಬಹುದು. ಅರವತ್ತು ಜನಕ್ಕೆ ಎರಡು ಬೊಂಬೆ ಎಂದರೆ ಅದು ತರಬೇತಿಯಲ್ಲ, ಪ್ರಾತ್ಯಕ್ಷಿಕೆ. ನೋಡಿ ಚಪ್ಪಾಳೆ ಹೊಡೆದು ಬರಬೇಕಷ್ಟೆ. ಜಾಗೃತಿ ಕಾರ್ಯಕ್ರಮ ಎಂದು ಕರೆದರೆ ಅದಕ್ಕೂ ಬೆಲೆ ಇದೆ, ಸರ್ಟಿಫಿಕೇಟ್ ಕೊಡುವ ತರಬೇತಿ ಎಂದರೆ ಮಾತ್ರ ಒಪ್ಪಬೇಡಿ.

"ಬೊಂಬೆ ಸರಿಯಾಗಿ ಒತ್ತಿದ್ದೀವಾ ಅಂತ ತೋರಿಸುತ್ತಾ?" ಕೆಲವು ಬೊಂಬೆಗಳು ಸಾಕಷ್ಟು ಆಳಕ್ಕೆ ಒತ್ತಿದಾಗ ಟಕ್ ಎಂದು ಸದ್ದು ಮಾಡುತ್ತವೆ. ಕೆಲವಕ್ಕೆ ದೀಪ ಇರುತ್ತದೆ, ಇನ್ನು ಕೆಲವು ಮೊಬೈಲಿನಲ್ಲಿ ವೇಗವನ್ನೂ ಆಳವನ್ನೂ ತೋರಿಸುತ್ತವೆ. ಎಎಚ್‌ಎ 2019ರಿಂದ ದೊಡ್ಡವರ ಸಿಪಿಆರ್ ಕೋರ್ಸಿಗೆ ಇಂಥ ಸಾಧನವನ್ನು ಕಡ್ಡಾಯ ಮಾಡಿದೆ. 'ಎಎಚ್‌ಎ ಕೋರ್ಸ್' ಎಂದು ಹೇಳಿಕೊಂಡು ಇದಿಲ್ಲ ಎಂದರೆ ಅಲ್ಲೇನೋ ಸರಿಯಿಲ್ಲ.

"ಪೂರ್ತಿ ಆನ್‌ಲೈನ್‌ನಲ್ಲೇ ಮುಗಿಸಬಹುದಾ?" ಈ ಪ್ರಶ್ನೆಗೆ 'ಆಗುತ್ತೆ' ಎಂಬ ಉತ್ತರ ಬಂದರೆ ಫೋನ್ ಇಡಿ. ಪಾಠವನ್ನು ಆನ್‌ಲೈನ್‌ನಲ್ಲಿ ಓದಿ, ಕೈಕೆಲಸಕ್ಕೆ ಖುದ್ದಾಗಿ ಬರುವ ಬಗೆ ಇದೆ, ಅದು ಸರಿ. ಬೊಂಬೆಯನ್ನು ಮುಟ್ಟದೆ ಬರುವ ಕಾರ್ಡಿಗೆ ಕಾಗದದ ಬೆಲೆ ಕೂಡ ಇಲ್ಲ.

"ಗಂಟಲಲ್ಲಿ ಊಟ ಸಿಕ್ಕಿಕೊಂಡರೆ ಈಗ ಏನು ಹೇಳಿಕೊಡ್ತೀರ?" ಇದು ಸ್ವಲ್ಪ ಕಿಲಾಡಿ ಪ್ರಶ್ನೆ. ಎಎಚ್‌ಎ 2025ರ ಅಕ್ಟೋಬರ್‌ನಲ್ಲಿ ತನ್ನ ಮಾರ್ಗಸೂಚಿ ಬದಲಿಸಿದೆ. ಎಚ್ಚರವಿರುವ ದೊಡ್ಡವರಿಗೂ ಮಕ್ಕಳಿಗೂ ಮೊದಲು ಬೆನ್ನಿಗೆ ಐದು ಗುದ್ದು, ಆಮೇಲೆ ಹೊಟ್ಟೆಗೆ ಐದು ಒತ್ತು, ಹೀಗೆ ಬದಲಿಸುತ್ತಾ ಹೋಗಬೇಕು. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತುವಂತಿಲ್ಲ, ಬೆನ್ನು ಮತ್ತು ಎದೆ ಮಾತ್ರ. ಕೂಸಿನ ಸಿಪಿಆರ್‌ನಲ್ಲಿ ಎರಡು ಬೆರಳಿನಿಂದ ಒತ್ತುವ ಹಳೇ ಕ್ರಮವನ್ನೂ ಕೈಬಿಟ್ಟಿದ್ದಾರೆ. ಎರಡು ಹೆಬ್ಬೆರಳಿಂದ ಎದೆ ಸುತ್ತಿ ಹಿಡಿದು, ಇಲ್ಲವೇ ಒಂದು ಅಂಗೈಯ ಬುಡದಿಂದ ಒತ್ತಬೇಕು. ಎಎಚ್‌ಎ ಕೋರ್ಸ್ ಕಲಿಸುವವರಿಗೆ ಇದು ಗೊತ್ತಿಲ್ಲ ಎಂದರೆ ಅವರು ಹಳೇ ಪುಸ್ತಕದಲ್ಲೇ ಇದ್ದಾರೆ.

"ಎಇಡಿ ಕಲಿಸ್ತೀರಾ?" ಎಇಡಿ ಎಂದರೆ ಹೃದಯಕ್ಕೆ ಶಾಕ್ ಕೊಡುವ ಪುಟ್ಟ ಪೆಟ್ಟಿಗೆ. ಆನ್ ಮಾಡಿದರೆ ಅದೇ ಮಾತಾಡಿ ದಾರಿ ಹೇಳುತ್ತದೆ. ತರಬೇತಿಯಲ್ಲಿ ಅಭ್ಯಾಸದ ಎಇಡಿಯ ಪ್ಯಾಡನ್ನು ನೀವೇ ಬೊಂಬೆಗೆ ಅಂಟಿಸಿ ನೋಡಬೇಕು. ಚಿತ್ರ ತೋರಿಸಿದರೆ ಆಗಲಿಲ್ಲ.

ಕೊನೆಗೆ ಭಾಷೆ. "ಕನ್ನಡದಲ್ಲಿ ಹೇಳಿಕೊಡ್ತೀರಾ?" ಬೆಂಗಳೂರಿನಲ್ಲಿ ಇದನ್ನು ಕೇಳಲು ಯಾಕೋ ನಾಚಿಕೊಳ್ಳುತ್ತೇವೆ. ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್ ಅಮ್ಮಂದಿರು, ಡ್ರೈವರ್‌ಗಳು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಇಂಗ್ಲಿಷ್ ಸ್ಲೈಡ್ ನೋಡಿ ತಲೆ ಆಡಿಸುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಬೇರೆ ರಾಜ್ಯದ ಕೆಲಸಗಾರರಿದ್ದರೆ ಹಿಂದಿ, ತಮಿಳು, ತೆಲುಗು, ಅವರಿಗೆ ಬರುವ ಭಾಷೆಯಲ್ಲೇ ಬ್ಯಾಚ್ ಮಾಡಿಸಿ.

ಹೆಜ್ಜೆ 4: ಕಾರ್ಡು ಅಸಲಿಯೇ ನೋಡಿ

ಎಎಚ್‌ಎ ತಾನೇ ಬಂದು ಕ್ಲಾಸ್ ಮಾಡುವುದಿಲ್ಲ. ಅದರೊಂದಿಗೆ ಒಪ್ಪಂದ ಇರುವ ಟ್ರೈನಿಂಗ್ ಸೆಂಟರ್‌ಗಳು ಮಾಡುತ್ತವೆ. ಯಾವ ಸೆಂಟರಿನ ಕೆಳಗೆ ಕ್ಲಾಸ್ ನಡೆಯುತ್ತದೆ, ಇನ್‌ಸ್ಟ್ರಕ್ಟರ್ ಕಾರ್ಡಿನ ಅವಧಿ ಇದೆಯೇ ಎಂದು ಕೇಳಿ. ಕಾರ್ಡು ಈಗ ಇ-ಕಾರ್ಡ್ ರೂಪದಲ್ಲಿ ಬರುತ್ತದೆ. ಅದರ ಕೋಡನ್ನು ಎಎಚ್‌ಎ ವೆಬ್‌ಸೈಟಿನಲ್ಲೇ ಹಾಕಿ ಪರೀಕ್ಷಿಸಬಹುದು. ಅವಧಿ ಎರಡು ವರ್ಷ, ಆ ತಿಂಗಳ ಕೊನೆಯವರೆಗೆ. 'ಎಎಚ್‌ಎ ಗೈಡ್‌ಲೈನ್ ಪ್ರಕಾರ' ಎಂದು ಬರೆದ ಬಣ್ಣದ ಸರ್ಟಿಫಿಕೇಟೇ ಬೇರೆ, ಎಎಚ್‌ಎ ಕಾರ್ಡೇ ಬೇರೆ. ಎಚ್‌ಆರ್‌ನವರು ಈ ಒಂದು ಸಾಲನ್ನು ಗಮನಿಸಿದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಹೆಜ್ಜೆ 5: ಕೆಲಸದ ಜಾಗಕ್ಕೆ ಎಷ್ಟು ಜನ ಬೇಕು?

1948ರ ಕಾರ್ಖಾನೆ ಕಾಯ್ದೆ 150 ಕೆಲಸಗಾರರಿಗೆ ಕನಿಷ್ಠ ಒಂದರಂತೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಬೇಕು ಎಂದಿತ್ತು. ಅದರ ಹೊಣೆ ಹೊತ್ತವರಿಗೆ ರಾಜ್ಯ ಸರ್ಕಾರ ಮಾನ್ಯ ಮಾಡಿದ ಸರ್ಟಿಫಿಕೇಟ್ ಇರಬೇಕು, ಕೆಲಸದ ಹೊತ್ತಿನಲ್ಲೆಲ್ಲ ಅವರು ಸಿಗುವಂತಿರಬೇಕು. 500 ಜನ ದಾಟಿದರೆ ಆಂಬುಲೆನ್ಸ್ ಕೊಠಡಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿರುವುದರಿಂದ, ನಿಮ್ಮ ಘಟಕಕ್ಕೆ ಈಗ ಯಾವ ಸರ್ಟಿಫಿಕೇಟ್ ನಡೆಯುತ್ತದೆ ಎಂದು ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ. ಇದು ತರಬೇತಿ ಬುಕ್ ಮಾಡುವ ಮೊದಲೇ ಆಗಬೇಕಾದ ಕೆಲಸ.

ಕಾನೂನಿನ ಲೆಕ್ಕ ಇನ್‌ಸ್ಪೆಕ್ಷನ್‌ಗೆ ಸರಿ. ಜೀವ ಉಳಿಸುವ ಲೆಕ್ಕ ಬೇರೆ. ಒಂದು ಘಟಕದಲ್ಲಿ ಮೂರು ಪಾಳಿ, ಎರಡು ಮಹಡಿ ಎಂದುಕೊಳ್ಳಿ. ಒಬ್ಬರೇ ಎದೆ ಒತ್ತುತ್ತಾ ಇರಲು ಆಗುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು. ಹಾಗಾಗಿ ಪ್ರತಿ ಮಹಡಿಗೆ, ಪ್ರತಿ ಪಾಳಿಗೆ ಕನಿಷ್ಠ ಇಬ್ಬರು. ಅಲ್ಲಿಗೇ 12 ಆಯಿತು. ರಜೆ, ವಾರದ ಆಫ್, ಯುಗಾದಿಗೆ ಊರಿಗೆ ಹೋಗುವವರು ಎಲ್ಲ ಸೇರಿಸಿದರೆ 18 ಜನಕ್ಕೆ ಕಡಿಮೆ ಮಾಡಬೇಡಿ.

ಯಾರನ್ನು ಆರಿಸಬೇಕು ಎಂಬುದರಲ್ಲಿ ಕಂಪನಿಗಳು ಎಡವುತ್ತವೆ. ಮ್ಯಾನೇಜರ್‌ಗಳ ಪಟ್ಟಿ ಕೊಡುತ್ತಾರೆ. ರಾತ್ರಿ ಎರಡು ಗಂಟೆಗೆ ಯಾರಾದರೂ ಬಿದ್ದರೆ ಮೊದಲು ಓಡಿ ಬರುವುದು ಗೇಟಿನ ಸೆಕ್ಯೂರಿಟಿ, ಪಕ್ಕದ ಮೆಷಿನ್ನಿನವರು, ಕ್ಯಾಂಟೀನ್ ಹುಡುಗ. ಅವರನ್ನೇ ಮೊದಲು ಕಳಿಸಿ. ಸೆಕ್ಯೂರಿಟಿಯವರು ಏಜೆನ್ಸಿಯವರು, ಆರು ತಿಂಗಳಿಗೆ ಬದಲಾಗುತ್ತಾರೆ ಎಂಬ ತಕರಾರು ನಿಜವೇ. ಅದಕ್ಕೆ ಏಜೆನ್ಸಿಯ ಕರಾರಿನಲ್ಲೇ ತರಬೇತಿ ಆದವರನ್ನು ಕೊಡಬೇಕೆಂದು ಬರೆಸಿಕೊಳ್ಳಿ. ಗಾರ್ಮೆಂಟ್ಸ್‌ನಂತೆ ಹೆಣ್ಣುಮಕ್ಕಳೇ ಜಾಸ್ತಿ ಇರುವ ಕಡೆ ಪ್ರತಿ ಲೈನಿನಿಂದಲೂ ಹೆಂಗಸರು ಕಲಿಯಲಿ. ಹೆಂಗಸು ಬಿದ್ದಾಗ ಎದೆ ಮುಟ್ಟಲು, ಎಇಡಿ ಪ್ಯಾಡ್ ಹಾಕಲು ಬಟ್ಟೆ ಸರಿಸಲು ಗಂಡಸರು ಹಿಂದೆ ಸರಿಯುತ್ತಾರೆ. ಒಳ್ಳೆಯ ಟ್ರೈನರ್ ಈ ಸಂಕೋಚದ ಬಗ್ಗೆ ನೇರವಾಗಿ ಮಾತಾಡುತ್ತಾರೆ. ಸುತ್ತ ನಾಲ್ಕು ಜನ ದುಪ್ಪಟ್ಟಾ ಹಿಡಿದು ಮರೆ ಮಾಡಿ, ಒತ್ತುವುದನ್ನು ಮಾತ್ರ ನಿಲ್ಲಿಸಬೇಡಿ ಎಂದು ಹೇಳಿಕೊಡುತ್ತಾರೆ.

ತರಬೇತಿಯನ್ನು ಕಾನ್ಫರೆನ್ಸ್ ಹಾಲಿನಲ್ಲಿ ಮುಗಿಸಬೇಡಿ. ಕೊನೆಯ ಅರ್ಧ ಗಂಟೆ ಶಾಪ್ ಫ್ಲೋರಿಗೆ ಬನ್ನಿ ಎಂದು ಟ್ರೈನರ್‌ಗೆ ಮೊದಲೇ ಹೇಳಿ. ಮೆಷಿನ್ನುಗಳ ಸಂದಿಯಲ್ಲಿ ಬೊಂಬೆ ಮಲಗಿಸಿ. ಕರೆಂಟ್ ಹೊಡೆದಿದ್ದರೆ ಮೊದಲು ಯಾರು ಎಲ್ಲಿ ಸ್ವಿಚ್ ಆಫ್ ಮಾಡಬೇಕು? 108ಕ್ಕೆ ಯಾರು ಫೋನ್ ಮಾಡುತ್ತಾರೆ? ಆಂಬುಲೆನ್ಸನ್ನು ಗೇಟಿನಿಂದ ಒಳಗೆ ಕರೆತರುವವರು ಯಾರು? ಎಇಡಿ ಬೀಗ ಹಾಕಿದ ಬೀರುವಿನಲ್ಲಿದ್ದರೆ ಬೀಗದ ಕೈ ಯಾರ ಹತ್ತಿರ? ಇವಕ್ಕೆ ಉತ್ತರ ಸಿಗುವುದು ಅಲ್ಲೇ.

ಹೆಜ್ಜೆ 6: ಕ್ಲಾಸಿನ ದಿನ

ಸಲ್ವಾರ್, ಪ್ಯಾಂಟ್ ಇಂಥ ಮಂಡಿಯೂರಲು ಆಗುವ ಬಟ್ಟೆ ಹಾಕಿಕೊಳ್ಳಿ. ಮಂಡಿ ನೋವಿದ್ದರೆ ಮೊದಲೇ ಹೇಳಿ, ಬೊಂಬೆಯನ್ನು ಮೇಜಿನ ಮೇಲೆ ಇಟ್ಟು ಅಭ್ಯಾಸ ಮಾಡಿಸುತ್ತಾರೆ.

ಸರಿಯಾದ ಸಿಪಿಆರ್ ಎಂದರೆ ಎದೆಯ ನಟ್ಟನಡುವೆ, ಎದೆಮೂಳೆಯ ಕೆಳಗಿನ ಅರ್ಧ ಭಾಗದ ಮೇಲೆ ಅಂಗೈಯ ಬುಡ ಇಟ್ಟು, ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ, ಭುಜದ ಭಾರದಿಂದ ಒತ್ತುವುದು. ಆಳ ಕನಿಷ್ಠ 5 ಸೆಂಟಿಮೀಟರ್, 6 ದಾಟಬಾರದು. ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಬೇಕು. ಉಸಿರೂ ಕೊಡುವುದಾದರೆ 30 ಒತ್ತಿಗೆ 2 ಉಸಿರು.

ಓದಲು ಸುಲಭ. ಮಾಡಿ ನೋಡಿ. ಮೊದಲ ಹದಿನೈದು ಸೆಕೆಂಡ್ ಎಲ್ಲರೂ ಹುರುಪಿನಲ್ಲಿರುತ್ತಾರೆ, ಬೊಂಬೆ ಟಕ್ ಟಕ್ ಎನ್ನುತ್ತಿರುತ್ತದೆ. ಒಂದು ನಿಮಿಷವಾಗುವಷ್ಟರಲ್ಲಿ ಮೊಣಕೈ ಮಡಿಸತೊಡಗುತ್ತದೆ. ಒಂದೂವರೆ ನಿಮಿಷಕ್ಕೆ ಟಕ್ ಸದ್ದು ಎರಡಕ್ಕೊಂದು ತಪ್ಪುತ್ತದೆ, ಮಾಡುತ್ತಿರುವವರಿಗೆ ಅದು ಗೊತ್ತೇ ಆಗುವುದಿಲ್ಲ. ಆಗ ಪಕ್ಕದಲ್ಲಿ ಕೂತು 'ಭುಜ ಮುಂದಕ್ಕೆ ತನ್ನಿ, ಅಂಗೈ ಭಾರ ಬಿಡಿ, ಎದೆ ಮೇಲೆ ಬರ್ಲಿ' ಎಂದು ತಿದ್ದುವ ಟ್ರೈನರ್‌ಗೇ ನೀವು ದುಡ್ಡು ಕೊಟ್ಟಿರುವುದು. ಪ್ರತಿಯೊಬ್ಬರಿಗೂ ಪೂರ್ತಿ ಎರಡು ನಿಮಿಷ, ಕನಿಷ್ಠ ಎರಡು ಮೂರು ಸಲ ಸಿಗಬೇಕು. ಸಿಗದಿದ್ದರೆ ಅಲ್ಲೇ ಕೇಳಿ, ಮುಜುಗರ ಬೇಡ.

ಎಣಿಕೆಯಲ್ಲೊಂದು ಸೂಕ್ಷ್ಮ ಇದೆ. ಕನ್ನಡದಲ್ಲಿ ಹತ್ತರವರೆಗೆ ಚಕಚಕ ಎಣಿಸಬಹುದು. 'ಇಪ್ಪತ್ತೇಳು, ಇಪ್ಪತ್ತೆಂಟು' ಬರುವಷ್ಟರಲ್ಲಿ ನಾಲಿಗೆ ನಿಧಾನವಾಗಿ, ಕೈಯೂ ನಿಧಾನವಾಗುತ್ತದೆ. ಒಂದರಿಂದ ಹತ್ತು ಮೂರು ಸಲ ಎಣಿಸಿ, ವೇಗ ತಪ್ಪುವುದಿಲ್ಲ. ಅಥವಾ ಒಂದೇ ಲಯದಲ್ಲಿ ಟಕ್ ಟಕ್ ಎಂದು ತಾಳ ಹಾಕುವ ಮೊಬೈಲಿನ ಮೆಟ್ರೊನೋಮ್ ಆ್ಯಪನ್ನು 110ಕ್ಕೆ ಇಟ್ಟುಕೊಂಡು ಅಭ್ಯಾಸ ಮಾಡಿ.

'ಪಕ್ಕೆಲುಬು ಮುರಿದರೆ? ಪೊಲೀಸ್ ಕೇಸ್ ಆದರೆ?' ಈ ಎರಡು ಭಯವನ್ನು ಕ್ಲಾಸಿನಲ್ಲೇ ಕೇಳಿಬಿಡಿ. ಪಕ್ಕೆಲುಬು ಮುರಿಯಬಹುದು, ಹಾಗೆಂದು ನಿಲ್ಲಿಸಬಾರದು. ಮುರಿದ ಮೂಳೆ ಕೂಡುತ್ತದೆ. ಇನ್ನು ಕೇಸಿನ ಮಾತು. ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಅದಕ್ಕೂ ಮೊದಲೇ, 2016ರಲ್ಲೇ ಕರ್ನಾಟಕ ಇಂಥ ನೆರವುಗಾರರಿಗಾಗಿ ತನ್ನದೇ ಕಾಯ್ದೆ ಮಾಡಿತ್ತು. ಇದನ್ನೆಲ್ಲ ಒಂದೆರಡು ಮಾತಿನಲ್ಲಾದರೂ ಹೇಳುವ ಟ್ರೈನರ್ ಸಿಕ್ಕರೆ ಜನ ಧೈರ್ಯವಾಗಿ ಮುಂದೆ ಬರುತ್ತಾರೆ.

ಹೆಜ್ಜೆ 7: ಕ್ಲಾಸ್ ಮುಗಿದ ಮೇಲೆ

ಕಾರ್ಡಿಗೆ ಎರಡು ವರ್ಷ ಆಯಸ್ಸು ಇರಬಹುದು, ಕೈಗೆ ಅಷ್ಟು ಇಲ್ಲ. ಕೆಲವೇ ತಿಂಗಳಲ್ಲಿ ಆಳ, ವೇಗ ಎಲ್ಲ ಹದ ತಪ್ಪುತ್ತದೆ. ಕಂಪನಿಯಾದರೆ ಒಂದು ಬೊಂಬೆಯನ್ನು ಕೊಂಡೇ ಇಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಪಾಳಿ ಬದಲಾಗುವ ಹೊತ್ತಿನಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಸಾಕು. ಅಪಾರ್ಟ್‌ಮೆಂಟಿನವರು ಮೆಂಟೆನೆನ್ಸ್ ದುಡ್ಡಿನಲ್ಲಿ ಇದನ್ನು ಮಾಡಬಹುದು, ಕ್ಲಬ್ ಹೌಸಿನ ಹೊಸ ಸೋಫಾಗಿಂತ ಒಳ್ಳೆಯ ಖರ್ಚು.

ತರಬೇತಿ ಆದವರ ಹೆಸರು, ಪಾಳಿ, ಮೊಬೈಲ್ ನಂಬರ್, ಕಾರ್ಡಿನ ಕೊನೆಯ ತಾರೀಕು ಬರೆದ ಪಟ್ಟಿಯನ್ನು ಗೇಟಿನಲ್ಲೂ ಪ್ರತಿ ಮಹಡಿಯಲ್ಲೂ ಅಂಟಿಸಿ. ಕೆಲಸ ಬಿಟ್ಟವರ ಹೆಸರನ್ನು ಅವತ್ತೇ ಹೊಡೆದುಹಾಕಿ, ಅವರ ಜಾಗಕ್ಕೆ ಮುಂದಿನ ಬ್ಯಾಚಿಗೆ ಯಾರು ಎಂದು ಬರೆದಿಡಿ. ಎಇಡಿ ಇದ್ದರೆ ಅದರ ಪ್ಯಾಡಿಗೂ ಬ್ಯಾಟರಿಗೂ ಎಕ್ಸ್‌ಪೈರಿ ತಾರೀಕು ಇರುತ್ತದೆ. ಅದನ್ನೂ ಅದೇ ಪಟ್ಟಿಯಲ್ಲಿ ಬರೆದು, ಫೈರ್ ಎಕ್ಸ್‌ಟಿಂಗ್ವಿಷರ್ ನೋಡುವ ದಿನವೇ ಇದನ್ನೂ ನೋಡುವಂತೆ ಒಬ್ಬರಿಗೆ ವಹಿಸಿ.